ನರತಂತುಗಳ ನಕ್ಷೆ: ಯಾವ ವಿಧಾನ ಎಲ್ಲಿ ತಪ್ಪುತ್ತದೆ?

ಕಪ್ಪು ಹಿನ್ನೆಲೆಯ ಮೇಲೆ ಕೆಂಪು, ಹಸಿರು, ನೀಲಿ ಎಳೆಗಳು ಹರಡಿಕೊಂಡ ಮಿದುಳಿನ ಚಿತ್ರವನ್ನು ನೀವು ಎಲ್ಲಾದರೂ ನೋಡಿರುತ್ತೀರಿ. ಎಡದಿಂದ ಬಲಕ್ಕೆ ಸಾಗುವ ನರತಂತುಗಳಿಗೆ ಕೆಂಪು, ಹಿಂದೆ ಮುಂದೆ ಚಾಚಿದವಕ್ಕೆ ಹಸಿರು, ಮೇಲಿನಿಂದ ಕೆಳಗಿಳಿಯುವವಕ್ಕೆ ನೀಲಿ. ಈ ಬಣ್ಣಗಾರಿಕೆ ಈಗ ಜಗತ್ತಿನಾದ್ಯಂತ ರೂಢಿ. ನೋಡಿದವರಿಗೆ ಇದು ಫೋಟೊ ಅನ್ನಿಸುವುದು ಸಹಜ. ಆದರೆ ಆ ಎಳೆಗಳಲ್ಲಿ ಒಂದನ್ನೂ ಎಂಆರ್‌ಐ ಯಂತ್ರ ಕಂಡಿಲ್ಲ. ಯಂತ್ರ ಅಳೆದದ್ದು ನೀರಿನ ಅಣುಗಳ ಅಲೆದಾಟವನ್ನು. ಎಳೆಗಳನ್ನು ಬಿಡಿಸಿದ್ದು ಕಂಪ್ಯೂಟರು, ಅದೂ ಯಾರೋ ಒಪ್ಪಿಸಿದ ಒಂದು ಊಹೆಯನ್ನು ನಂಬಿಕೊಂಡು. ಊಹೆ ಬದಲಾಯಿತೆಂದರೆ ಅದೇ ತಲೆಯ, ಅದೇ ದಿನದ ಸ್ಕ್ಯಾನಿನಿಂದ ಬೇರೆಯದೇ ನಕ್ಷೆ ಹೊರಬರುತ್ತದೆ.

ಈ ನಕ್ಷೆಗಳನ್ನು ಮುಂದಿಟ್ಟುಕೊಂಡು ಇವತ್ತು ಮಿದುಳಿನ ಗೆಡ್ಡೆಯನ್ನು ಯಾವ ದಾರಿಯಿಂದ ತಲುಪಬೇಕೆಂದು ನಿರ್ಧರಿಸುತ್ತಾರೆ. ಮರೆವಿನ ಕಾಯಿಲೆ ಎಲ್ಲಿಂದ ಶುರುವಾಯಿತೆಂದು ಹುಡುಕುತ್ತಾರೆ. ಹಾಗಾಗಿ ವಿಧಾನ ವಿಧಾನಗಳ ನಡುವಿನ ವ್ಯತ್ಯಾಸ ತಜ್ಞರಷ್ಟೇ ಚರ್ಚಿಸಿ ಮುಗಿಸುವ ವಿಷಯವಲ್ಲ. ಯಾವ ವಿಧಾನ ಎಲ್ಲಕ್ಕಿಂತ ಉತ್ತಮ ಎಂದು ಕೇಳುವವರು ಬಹಳ. ಯಾವುದು ಯಾವ ಜಾತಿಯ ತಪ್ಪು ಮಾಡುತ್ತದೆ, ಆ ತಪ್ಪಿನ ಬೆಲೆಯನ್ನು ಯಾರು ತೆರುತ್ತಾರೆ ಎಂದು ಕೇಳಿದರೆ ಹೆಚ್ಚು ಪ್ರಯೋಜನವಿದೆ ಎಂಬುದು ನನ್ನ ವಾದ.

ಮೊದಲು ನೀರಿನ ಕಥೆ. ನಿಂತ ನೀರಿನಲ್ಲೂ ಅಣುಗಳು ಸುಮ್ಮನಿರುವುದಿಲ್ಲ. ನಮ್ಮ ದೇಹದ ಶಾಖದಲ್ಲಿ, ಯಾವ ಅಡ್ಡಿಯೂ ಇಲ್ಲದ ನೀರಿನ ಅಣು ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ಕಾಲದಲ್ಲಿ ಒಂದು ದಿಕ್ಕಿನಲ್ಲಿ ಸುಮಾರು 17 ಮೈಕ್ರಾನ್ ಸರಿದಿರುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಮಿದುಳಿನ ನರತಂತು, ಅಂದರೆ ಆಕ್ಸಾನ್, ದಪ್ಪದಲ್ಲಿ ಹೆಚ್ಚುಕಡಿಮೆ ಒಂದು ಮೈಕ್ರಾನ್. ಅದರ ಗೋಡೆ ನೀರನ್ನು ಅಡ್ಡಡ್ಡ ಹೋಗಲು ಬಿಡುವುದಿಲ್ಲ, ಉದ್ದುದ್ದ ಹೋಗಲು ಬಿಡುತ್ತದೆ. ಆದ್ದರಿಂದ ನೀರು ಯಾವ ದಿಕ್ಕಿನಲ್ಲಿ ಸಲೀಸಾಗಿ ಸರಿಯಿತು ಎಂದು ಗೊತ್ತಾದರೆ ತಂತುಗಳು ಯಾವ ದಿಕ್ಕಿಗೆ ಮಲಗಿವೆ ಎಂದು ಊಹಿಸಬಹುದು. ಸಂಖ್ಯೆಗಳಲ್ಲೇ ಇದರ ಚೆಲುವಿದೆ. ಇಂಥ ಸ್ಕ್ಯಾನಿನಲ್ಲಿ ಎಂಆರ್‌ಐ ಕಾಣಬಲ್ಲ ಅತಿ ಚಿಕ್ಕ ಘನ ಸಾಮಾನ್ಯವಾಗಿ ಎರಡು ಮಿಲಿಮೀಟರಿನದು, ಅದಕ್ಕೆ ವೋಕ್ಸೆಲ್ ಎನ್ನುತ್ತಾರೆ. ಅಷ್ಟು ಒರಟು ಕಣ್ಣಿನ ಯಂತ್ರ, ಮೈಕ್ರಾನ್ ಮಟ್ಟದ ಗೋಡೆಗಳ ಸುಳಿವನ್ನು ನೀರಿನ ನಡೆಯಿಂದಲೇ ಹಿಡಿಯುತ್ತದೆ.

ನೀರಿನ ಸರಿದಾಟ ಕಾಂತೀಯ ಸಂಕೇತವನ್ನು ಕುಗ್ಗಿಸುತ್ತದೆ ಎಂದು ಎರ್ವಿನ್ ಹಾನ್ 1950ರಲ್ಲೇ ಗಮನಿಸಿದ್ದರು. ಅದನ್ನು ಕರಾರುವಾಕ್ಕಾಗಿ ಅಳೆಯುವ ಉಪಾಯವನ್ನು ಸ್ಟೇಸ್ಕಲ್ ಮತ್ತು ಟ್ಯಾನರ್ 1965ರಲ್ಲಿ ಕೊಟ್ಟರು. ಫ್ರಾನ್ಸಿನ ಡೆನಿ ಲ ಬಿಯಾನ್ 1980ರ ದಶಕದ ಮಧ್ಯದಲ್ಲಿ ಅದನ್ನು ಮಿದುಳಿನ ಚಿತ್ರಕ್ಕೆ ತಂದರು. 1990ರಲ್ಲಿ ಮೈಕೆಲ್ ಮೋಸ್ಲಿ ತಂಡ ಬೆಕ್ಕಿನ ಮಿದುಳಿನಲ್ಲಿ ಎರಡು ಸಂಗತಿ ತೋರಿಸಿತು. ರಕ್ತಪೂರೈಕೆ ನಿಂತ ಭಾಗದಲ್ಲಿ ನೀರಿನ ಓಡಾಟ ಬೇಗನೆ ತಗ್ಗುತ್ತದೆ. ನರತಂತುಗಳು ತುಂಬಿದ ಬಿಳಿ ಭಾಗದಲ್ಲಿ ಅದು ದಿಕ್ಕಿಗೆ ತಕ್ಕಂತೆ ಬದಲಾಗುತ್ತದೆ. ಮೊದಲನೆಯದು ಇವತ್ತು ಪಾರ್ಶ್ವವಾಯುವಿನ ತುರ್ತು ಸ್ಕ್ಯಾನಿನಲ್ಲಿ ದಿನವೂ ಕೆಲಸಕ್ಕೆ ಬರುತ್ತಿದೆ. ಎರಡನೆಯದು ನಮ್ಮ ಈ ನಕ್ಷೆಗಳ ಬೀಜ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ನೀರು ದಿಕ್ಕು ಹಿಡಿದು ಸರಿಯುವುದಕ್ಕೆ ತಂತುವನ್ನು ಸುತ್ತಿರುವ ಮಯಲಿನ್ ಎಂಬ ಕೊಬ್ಬಿನ ಪದರವೇ ಕಾರಣ ಎಂದು ಎಷ್ಟೋ ಲೇಖನಗಳಲ್ಲಿ ಬರುತ್ತದೆ. ಕೆನಡಾದ ಕ್ರಿಶ್ಚಿಯನ್ ಬೊಲ್ಯೂ 1994ರಲ್ಲಿ ಗಾರ್ ಎಂಬ ಮೀನಿನ ಮಯಲಿನ್ ಇಲ್ಲದ ಘ್ರಾಣ ನರದಲ್ಲೂ ಇದೇ ಗುಣವನ್ನು ಕಂಡರು. ತಂತುಗಳ ಗೋಡೆ, ಅವು ಒತ್ತೊತ್ತಾಗಿ ಕೂಡಿರುವ ರೀತಿ, ಇವೇ ಮುಖ್ಯ. ಮಯಲಿನ್ ಸ್ವಲ್ಪ ಹೆಚ್ಚು ಕಡಿಮೆ ಮಾಡುತ್ತದೆ, ಅಷ್ಟೆ. ಸ್ಕ್ಯಾನಿನಲ್ಲಿ ಒಂದು ಅಂಕಿ ಇಳಿದ ಕೂಡಲೇ ಮಯಲಿನ್ ಹಾಳಾಗಿದೆ ಎಂದು ತೀರ್ಮಾನಿಸುವವರು ಆ ಮೀನನ್ನು ನೆನೆಯಬೇಕು.

ಈಗ ವಿಧಾನಗಳಿಗೆ ಬರೋಣ. 1994ರಲ್ಲಿ ಅಮೆರಿಕದ ಬೆಥೆಸ್ಡಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಪೀಟರ್ ಬ್ಯಾಸರ್, ಜೇಮ್ಸ್ ಮ್ಯಾಟಿಯೆಲ್ಲೊ ಮತ್ತು ಲ ಬಿಯಾನ್ ಡಿಫ್ಯೂಷನ್ ಟೆನ್ಸರ್ ಇಮೇಜಿಂಗ್ ಅಥವಾ ಡಿಟಿಐ ಎಂಬ ಪದ್ಧತಿಯನ್ನು ಮಂಡಿಸಿದರು. ಪ್ರತಿ ವೋಕ್ಸೆಲ್‌ನಲ್ಲೂ ನೀರಿನ ಹರಡುವಿಕೆಯನ್ನು ಆರು ಸಂಖ್ಯೆಗಳಲ್ಲಿ ಹಿಡಿದಿಡುವ ಉಪಾಯ ಅದು. ಆರು ಸಂಖ್ಯೆ ಬೇಕೆಂದರೆ ಕನಿಷ್ಠ ಆರು ದಿಕ್ಕಿನಲ್ಲಿ ಅಳೆದರೆ ಸಾಕು; ಅಂಕಿಗಳು ಭರವಸೆಯವಾಗಲು ಮೂವತ್ತರಷ್ಟು ದಿಕ್ಕು ಒಳ್ಳೆಯದು. ತಂತುಗಳೆಲ್ಲ ಒಂದೇ ಕಡೆಗೆ ಮಲಗಿದ್ದರೆ ಆ ಆರು ಸಂಖ್ಯೆಗಳು ಸೇರಿ ಸೌತೆಕಾಯಿಯಂಥ ಆಕಾರ ಮೂಡುತ್ತದೆ. ಸೌತೆಕಾಯಿಯ ಉದ್ದ ಯಾವ ಕಡೆಗೋ ತಂತು ಆ ಕಡೆಗೆ. ಎಷ್ಟು ನೀಳವಾಗಿದೆ ಎಂಬುದಕ್ಕೆ ಸೊನ್ನೆಯಿಂದ ಒಂದರವರೆಗಿನ ಎಫ್‌ಎ ಎಂಬ ಅಂಕ. ಒಂದು ವೋಕ್ಸೆಲ್‌ನಿಂದ ಪಕ್ಕದ್ದಕ್ಕೆ, ಅಲ್ಲಿಂದ ಅದರ ಪಕ್ಕದ್ದಕ್ಕೆ ದಿಕ್ಕು ಹಿಡಿದು ಸಾಗಿದರೆ ಒಂದು ಎಳೆ. ಇದಕ್ಕೆ ಟ್ರ್ಯಾಕ್ಟೋಗ್ರಫಿ ಎಂದು ಹೆಸರು. 1999ರಲ್ಲಿ ಸುಸುಮು ಮೋರಿ ತಂಡ ಇಲಿಯ ಮಿದುಳಿನಲ್ಲಿ ಇದನ್ನು ಮಾಡಿ ತೋರಿಸಿತು.

ಡಿಟಿಐಯನ್ನು ಹಳೆಯದೆಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಐದಾರು ನಿಮಿಷದ ಸ್ಕ್ಯಾನಿನಿಂದ ಬದುಕಿರುವ ಮನುಷ್ಯನ ಮಿದುಳಿನ ಹೆದ್ದಾರಿಗಳು ಕಾಣತೊಡಗಿದ್ದು ಅದರಿಂದಲೇ. ಎರಡು ಅರೆಗಳನ್ನು ಬೆಸೆಯುವ ಕಾರ್ಪಸ್ ಕೆಲೋಸಮ್‌ನಲ್ಲಿ ಸುಮಾರು 20 ಕೋಟಿ ತಂತುಗಳಿವೆ. ಅದರ ನಡುಭಾಗದಲ್ಲಿ ಅವೆಲ್ಲ ಒಂದೇ ದಿಕ್ಕಿಗೆ ಸಾಗುವುದರಿಂದ ಡಿಟಿಐ ಅಲ್ಲಿ ಎಡವುವುದು ಕಡಿಮೆ. ಭಾಷೆಗೆ ಸಂಬಂಧಿಸಿದ ಆರ್ಕ್ಯುಯೇಟ್ ಎಂಬ ಬಾಗಿದ ಕಂತೆಯ ಪಕ್ಕದಲ್ಲಿ, ನಡುವೆ ತಂಗುತ್ತ ಸಾಗುವ ಇನ್ನೊಂದು ದಾರಿಯೂ ಇದೆ ಎಂದು ಮಾರ್ಕೊ ಕತಾನಿ ತಂಡ 2005ರಲ್ಲಿ ತೋರಿಸಿದ್ದು ಇದೇ ಸರಳ ಪದ್ಧತಿಯಿಂದ.

ತೊಂದರೆ ಎಲ್ಲಿ ಎಂದರೆ, ಒಂದು ವೋಕ್ಸೆಲ್‌ಗೆ ಒಂದೇ ದಿಕ್ಕು ಎಂಬ ಅದರ ಊಹೆಯಲ್ಲಿ. ಎರಡು ಮಿಲಿಮೀಟರ್ ಘನದೊಳಗೆ ಲಕ್ಷಗಟ್ಟಲೆ ಆಕ್ಸಾನ್‌ಗಳಿರುತ್ತವೆ. ಬೆಲ್ಜಿಯಮ್ಮಿನ ಬೆನ್ ಯೂರಿಸೆನ್ ಮತ್ತು ಸಂಗಡಿಗರು 2013ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಬಿಳಿ ಭಾಗದ ಶೇಕಡ 60ರಿಂದ 90ರಷ್ಟು ವೋಕ್ಸೆಲ್‌ಗಳಲ್ಲಿ ಒಂದಕ್ಕಿಂತ ಹೆಚ್ಚು ದಿಕ್ಕಿನ ತಂತುಗಳು ಹಾಯುತ್ತವೆ. ಎರಡು ಕಂತೆಗಳು ಅಡ್ಡಹಾಯ್ದ ಕಡೆ ಸೌತೆಕಾಯಿ ಚಪ್ಪಟೆಯಾಗಿ ನಿಪ್ಪಟ್ಟಾಗುತ್ತದೆ. ನಿಪ್ಪಟ್ಟಿಗೆ ಉದ್ದ ಎಲ್ಲಿದೆ? ಡಿಟಿಐ ಆಗ ಗದ್ದಲದಲ್ಲಿ ಸಿಕ್ಕ ಯಾವುದೋ ಒಂದು ದಿಕ್ಕನ್ನು ಹಿಡಿಯುತ್ತದೆ, ಇಲ್ಲವೇ ಎಫ್‌ಎ ತೀರ ಕಡಿಮೆಯಾಯಿತೆಂದು ಅಲ್ಲೇ ನಿಲ್ಲಿಸಿಬಿಡುತ್ತದೆ.

ಇದರ ಅತ್ಯಂತ ಕಳವಳದ ಉದಾಹರಣೆ ನಮ್ಮ ಚಲನೆಯ ದಾರಿ. ಕೈ, ಕಾಲು, ಮುಖ, ನಾಲಿಗೆಗಳಿಗೆ ಆಜ್ಞೆ ಹೊತ್ತ ತಂತುಗಳು ಮಿದುಳಿನ ಮೇಲ್ಪದರದಿಂದ ಬೀಸಣಿಗೆಯಂತೆ ಕೂಡಿಬಂದು ಕೆಳಗಿಳಿಯುತ್ತವೆ. ಕಾಲಿನ ತಂತುಗಳು ನೆತ್ತಿಯ ಹತ್ತಿರದಿಂದ ಹೆಚ್ಚುಕಡಿಮೆ ನೇರ ಇಳಿಯುತ್ತವೆ. ಕೈ ಮತ್ತು ಮುಖದ ತಂತುಗಳು ಪಕ್ಕದಿಂದ ಬರುವಾಗ ಕಾರ್ಪಸ್ ಕೆಲೋಸಮ್‌ನ ಅಡ್ಡ ತಂತುಗಳನ್ನೂ ಹಿಂದೆ ಮುಂದೆ ಚಾಚಿದ ಉದ್ದ ಕಂತೆಯನ್ನೂ ದಾಟಬೇಕು. ಮೂರು ದಿಕ್ಕಿನ ಸಂತೆ ಅದು. ಆರೋಗ್ಯವಂತರ ಸ್ಕ್ಯಾನಿನಲ್ಲೂ ಡಿಟಿಐ ಕಾಲಿನ ದಾರಿಯನ್ನು ಬಿಡಿಸುತ್ತದೆ, ಮುಖದ ದಾರಿಯನ್ನು ಬಹುಪಾಲು ಬಿಟ್ಟುಬಿಡುತ್ತದೆ. ಆ ವ್ಯಕ್ತಿ ಮಾತಾಡುತ್ತಿರುತ್ತಾರೆ, ನಗುತ್ತಿರುತ್ತಾರೆ, ನಕ್ಷೆಯಲ್ಲಿ ಮಾತ್ರ ಅಲ್ಲಿ ತಂತುವೇ ಇಲ್ಲ. ಗೆಡ್ಡೆಯ ಪಕ್ಕದ ಖಾಲಿ ಜಾಗ ನಿಜಕ್ಕೂ ಖಾಲಿಯೋ, ಇಲ್ಲ ವಿಧಾನದ ಕುರುಡೋ ಎಂದು ತಿಳಿಯದೆ ಚಾಕು ಇಡುವುದು ಅಪಾಯ. ಗೆಡ್ಡೆಯ ಸುತ್ತ ಊತವಿದ್ದರೆ ಎಫ್‌ಎ ಇನ್ನೂ ಇಳಿದು ಕುರುಡು ಹೆಚ್ಚುತ್ತದೆ.

ಕುರುಡು ಇನ್ನೊಂದು ಬಗೆಯಲ್ಲೂ ಮೋಸ ಮಾಡುತ್ತದೆ. ಎಫ್‌ಎ ಇಳಿದರೆ ಹಾನಿ, ಏರಿದರೆ ಆರೋಗ್ಯ ಎಂಬ ನಂಬಿಕೆ ವ್ಯಾಪಕ. ಆಕ್ಸ್‌ಫರ್ಡಿನ ಗ್ವೆನೆಲ್ ದುವೋ ತಂಡ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮರೆವಿನ ಆರಂಭದ ಹಂತದಲ್ಲಿದ್ದವರ ಮಿದುಳಿನ ಒಂದು ಅಡ್ಡಹಾಯುವ ಜಾಗದಲ್ಲಿ ಎಫ್‌ಎ ಏರಿತ್ತು. ಕಾರಣ ಇಷ್ಟೆ: ಎರಡು ಕಂತೆಗಳಲ್ಲಿ ಒಂದು ಸವೆದು ಇನ್ನೊಂದು ಉಳಿದಿದ್ದರಿಂದ ನಿಪ್ಪಟ್ಟು ಮತ್ತೆ ಸೌತೆಕಾಯಿಯಾಗಿತ್ತು. ಕಾಯಿಲೆಯೇ ಅಂಕವನ್ನು ಚೆನ್ನಾಗಿ ಕಾಣಿಸಿತ್ತು.

ಪರಿಹಾರ ಹುಡುಕಿದವರು ಮೂರು ದಾರಿ ಹಿಡಿದರು. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ವ್ಯಾನ್ ವೆಡೀನ್ ಊಹೆಯನ್ನೇ ಆದಷ್ಟು ಕಡಿಮೆ ಮಾಡಲು ಹೊರಟರು. ಅವರ ಡಿಫ್ಯೂಷನ್ ಸ್ಪೆಕ್ಟ್ರಮ್ ಇಮೇಜಿಂಗ್, ಅಂದರೆ ಡಿಎಸ್‌ಐ, 2005ರ ರೂಪದಲ್ಲಿ ಐನೂರಕ್ಕೂ ಹೆಚ್ಚು ಅಳತೆಗಳನ್ನು ಕೇಳುತ್ತಿತ್ತು. ಬಿಗಿ ಊಹೆಯಿಲ್ಲದ ಪ್ರಾಮಾಣಿಕ ಪದ್ಧತಿ, ಆದರೆ ದುಬಾರಿ. ಬಲವಾದ ಗ್ರೇಡಿಯಂಟ್, ಅಂದರೆ ಜಾಗದಿಂದ ಜಾಗಕ್ಕೆ ಬದಲಾಗುವ ಕಾಂತಕ್ಷೇತ್ರ ಬೇಕು, ಅಷ್ಟು ಹೊತ್ತು ಅಲ್ಲಾಡದೆ ಮಲಗುವ ಮನುಷ್ಯ ಬೇಕು. ಪಾರ್ಕಿನ್ಸನ್ ಇರುವವರನ್ನೋ ಮಕ್ಕಳನ್ನೋ ಹಾಗೆ ಮಲಗಿಸುವುದು ಸುಲಭವಲ್ಲ. ಈಚೆಗೆ ಒಂದೇ ಸಲಕ್ಕೆ ಹಲವು ಪದರಗಳನ್ನು ಅಳೆಯುವ ತಂತ್ರ ಬಂದು ಸಮಯ ಇಳಿದಿದೆ. ಅದೇ ಆಸ್ಪತ್ರೆಯ ಡೇವಿಡ್ ಟಕ್ 2004ರಲ್ಲಿ ಕೊಟ್ಟ ಕ್ಯೂ-ಬಾಲ್ ಪದ್ಧತಿ ನಡುದಾರಿಯದು. ಗ್ರೇಡಿಯಂಟಿನ ಒಂದೇ ಬಲದಲ್ಲಿ, ಎಲ್ಲ ದಿಕ್ಕಿಗೂ ಅಳೆದು ಸಾಕೆನ್ನುತ್ತದೆ. ಅಗ್ಗ, ಆದರೆ ಚಿತ್ರ ಮಸುಕು. ಕಿರಿದಾದ ಕೋನದಲ್ಲಿ ಹಾಯುವ ಎರಡು ಕಂತೆಗಳು ಒಂದಾಗಿಬಿಡುತ್ತವೆ.

ಮೂರನೆಯದು ಜಾಣತನದ್ದು, ಇವತ್ತು ಸಂಶೋಧನೆಯಲ್ಲಿ ಹೆಚ್ಚು ಬಳಕೆಯಲ್ಲಿರುವುದೂ ಅದೇ. ಜೆ.-ಡೊನಾಲ್ಡ್ ಟೂರ್ನಿಯೆ ಮತ್ತು ಜೊತೆಗಾರರು 2004ರಲ್ಲಿ ಆರಂಭಿಸಿ 2007ರಲ್ಲಿ ಗಟ್ಟಿಗೊಳಿಸಿದ ಕನ್‌ಸ್ಟ್ರೇನ್ಡ್ ಸ್ಫೆರಿಕಲ್ ಡಿಕಾನ್ವೊಲ್ಯೂಷನ್, ಚುಟುಕಾಗಿ ಸಿಎಸ್‌ಡಿ. ಅದೇ ಮಿದುಳಿನಲ್ಲಿ ಒಂದೇ ದಿಕ್ಕಿನ ತಂತುಗಳಿರುವ ಜಾಗವನ್ನು ಹುಡುಕಿ, ಒಂಟಿ ಕಂತೆ ಕೊಡುವ ಸಂಕೇತ ಹೇಗಿರುತ್ತದೆಂದು ಮೊದಲು ಕಲಿಯುತ್ತಾರೆ. ಆಮೇಲೆ ಮಿಕ್ಕ ಪ್ರತಿ ವೋಕ್ಸೆಲ್‌ನ ಸಂಕೇತವೂ ಅಂಥ ಒಂಟಿ ಸಂಕೇತಗಳ ಮೊತ್ತ ಎಂದು ಭಾವಿಸಿ ಬಿಡಿಸುತ್ತಾರೆ. ಸಾಮಾನ್ಯ ಆಸ್ಪತ್ರೆಯ 3 ಟೆಸ್ಲಾ ಯಂತ್ರದಲ್ಲಿ ಹತ್ತು ನಿಮಿಷದ ಆಸುಪಾಸಿನಲ್ಲಿ, ಅರವತ್ತರಷ್ಟು ದಿಕ್ಕಿನ ಅಳತೆಯಿಂದ, ಡಿಟಿಐ ಬಿಟ್ಟ ಮುಖ ಮತ್ತು ಕೈಯ ತಂತುಗಳು ಕಾಣಿಸಿಕೊಳ್ಳುತ್ತವೆ. ಊಹೆ ಇಲ್ಲೂ ಇದೆ: ಮಿದುಳಿನ ಎಲ್ಲ ಕಂತೆಗಳೂ ಒಂದೇ ಬಗೆಯ ಸಂಕೇತ ಕೊಡುತ್ತವೆ ಎಂಬುದು. ರೋಗಗ್ರಸ್ತ ಭಾಗದಲ್ಲಿ ಅದು ನಿಲ್ಲುತ್ತದೆಂಬ ಖಾತರಿಯಿಲ್ಲ. ಬೂದು ಭಾಗ, ಮಿದುಳಿನ ದ್ರವ ಬೆರೆತ ವೋಕ್ಸೆಲ್‌ಗಳಲ್ಲಿ ಹಳೆಯ ಸಿಎಸ್‌ಡಿ ಇಲ್ಲದ ದಿಕ್ಕುಗಳನ್ನು ಹುಟ್ಟಿಸುತ್ತಿತ್ತು. ಅಂಗಾಂಶಗಳನ್ನು ಬೇರ್ಪಡಿಸಿ ಲೆಕ್ಕಹಾಕುವ 2014ರ ಸುಧಾರಣೆ ಅದನ್ನು ಬಹಳಷ್ಟು ಸರಿಪಡಿಸಿತು.

ಊಹೆಗಳ ಘರ್ಷಣೆ ಬಯಲಿಗೆ ಬಂದ ಪ್ರಸಂಗವೂ ಉಂಟು. 2012ರಲ್ಲಿ ವೆಡೀನ್ ತಂಡ ಡಿಎಸ್‌ಐ ಆಧಾರದ ಮೇಲೆ ಸೈನ್ಸ್ ಪತ್ರಿಕೆಯಲ್ಲಿ ದೊಡ್ಡ ಮಾತೊಂದನ್ನು ಹೇಳಿತು: ಮನುಷ್ಯ ಮತ್ತು ಕೋತಿಗಳ ಮಿದುಳಿನ ತಂತುಗಳು ಯದ್ವಾತದ್ವಾ ಹೆಣೆದುಕೊಂಡಿಲ್ಲ, ಲಂಬಕೋನದಲ್ಲಿ ಹಾಯುವ ಅಚ್ಚುಕಟ್ಟಾದ ಚೌಕಟ್ಟಿನಲ್ಲಿವೆ. ಜಗತ್ತಿನಾದ್ಯಂತ ಸುದ್ದಿಯಾಯಿತು. ಅದೇ ವರ್ಷ ಕತಾನಿ ಮತ್ತು ಸಂಗಡಿಗರು ಸ್ಫೆರಿಕಲ್ ಡಿಕಾನ್ವೊಲ್ಯೂಷನ್ ಬಳಸಿ ಆಕ್ಷೇಪ ಎತ್ತಿದರು. ಕಿರಿದಾದ ಕೋನಗಳನ್ನು ಡಿಎಸ್‌ಐ ಬಿಡಿಸಲಾರದು, ತೊಂಬತ್ತು ಡಿಗ್ರಿಗೆ ಹತ್ತಿರದವೇ ಕಣ್ಣಿಗೆ ಬೀಳುತ್ತವೆ, ಹಾಗಾಗಿ ಎಲ್ಲೆಡೆ ಚೌಕಟ್ಟು ಕಾಣುತ್ತಿದೆ ಎಂಬುದು ಅವರ ವಾದ. ವೆಡೀನ್ ತಂಡ ತನ್ನ ನಿಲುವನ್ನು ಬಿಡಲಿಲ್ಲ. ನನಗೆ ಆಕ್ಷೇಪದ ಕಡೆ ತೂಕ ಹೆಚ್ಚೆನಿಸುತ್ತದೆ, ಏಕೆಂದರೆ ಉಪಕರಣದ ಮಿತಿ ಯಾವ ದಿಕ್ಕಿಗೆ ಎಳೆಯುತ್ತದೋ ಫಲಿತಾಂಶವೂ ಅದೇ ದಿಕ್ಕಿನಲ್ಲಿದ್ದಾಗ ಸಾಕ್ಷ್ಯ ಇನ್ನಷ್ಟು ಬಲವಾಗಿರಬೇಕು.

ಹಾಗಾದರೆ ಸಿಎಸ್‌ಡಿ ಗೆದ್ದಿತೇ? ಇಲ್ಲ. ಡಿಟಿಐ ಇರುವ ತಂತುಗಳನ್ನು ಬಿಡುತ್ತದೆ. ಸುಧಾರಿತ ವಿಧಾನಗಳು ಇಲ್ಲದ ತಂತುಗಳನ್ನು ಸೇರಿಸುತ್ತವೆ. ಜರ್ಮನಿಯ ಕ್ಲೌಸ್ ಮೈಯರ್-ಹೈನ್ ಮುಂದಾಳತ್ವದಲ್ಲಿ 2017ರಲ್ಲಿ ಪ್ರಕಟವಾದ ಪರೀಕ್ಷೆ ಈ ಕ್ಷೇತ್ರಕ್ಕೆ ಬಿದ್ದ ತಣ್ಣೀರು. ಮನುಷ್ಯ ಮಿದುಳಿನ ಗೊತ್ತಿರುವ 25 ಕಂತೆಗಳಿಂದ ಕೃತಕ ಸ್ಕ್ಯಾನ್ ತಯಾರಿಸಿ, ಉತ್ತರ ಹೇಳದೆ 20 ತಂಡಗಳಿಗೆ ಕೊಟ್ಟರು. 96 ಉತ್ತರಗಳು ಬಂದವು. ನಿಜವಾದ ಕಂತೆಗಳಲ್ಲಿ ಹೆಚ್ಚಿನವನ್ನು ಸ್ವಲ್ಪವಾದರೂ ಬಹುತೇಕರು ಹಿಡಿದಿದ್ದರು. ಆದರೆ ನಿಜದ ಕಂತೆಗಳಿಗಿಂತ ಇಲ್ಲದ ಕಂತೆಗಳೇ ಹೆಚ್ಚಿದ್ದವು. ಅದಕ್ಕಿಂತ ಕೆಟ್ಟ ಸುದ್ದಿ, ಬೇರೆ ಬೇರೆ ತಂಡಗಳು ಬೇರೆ ಬೇರೆ ವಿಧಾನದಿಂದ ಅದೇ ಸುಳ್ಳು ಕಂತೆಗಳನ್ನು ಮತ್ತೆ ಮತ್ತೆ ಕಂಡುಹಿಡಿದಿದ್ದವು. ಹತ್ತು ಜನ ಒಂದೇ ಮಾತು ಹೇಳಿದರೂ ಅದು ನಿಜವಾಗಬೇಕಿಲ್ಲ.

ಕಾರಣ ಲೆಕ್ಕದ ಅವಸರವಲ್ಲ, ಅಳತೆಯಲ್ಲೇ ಇರುವ ಕೊರತೆ. ಹಲವು ಕಂತೆಗಳು ಇಕ್ಕಟ್ಟಿನ ಜಾಗವೊಂದರಲ್ಲಿ ಒಟ್ಟಿಗೆ ನುಸುಳಿ ಮತ್ತೆ ಬೇರೆಯಾಗುತ್ತವೆ. ಒಳಹೋದದ್ದು ಯಾವುದು, ಹೊರಬಂದದ್ದು ಯಾವುದು? ಎರಡು ಕಂತೆ ಒಂದನ್ನೊಂದು ದಾಟಿದವೋ, ತಾಗಿ ಹಿಂತಿರುಗಿದವೋ? ವೋಕ್ಸೆಲ್‌ನೊಳಗೆ ನೀರಿನ ನಡೆ ಎರಡೂ ಸಂದರ್ಭಗಳಲ್ಲಿ ಒಂದೇ. ಸಂದೇಶ ಆ ತಂತುವಿನಲ್ಲಿ ಯಾವ ಕಡೆಗೆ ಹರಿಯುತ್ತದೆ ಎಂಬುದನ್ನಂತೂ ನೀರು ಹೇಳುವುದೇ ಇಲ್ಲ. ಆ 2017ರ ಪರೀಕ್ಷೆಗೂ ಮೊದಲು, 2014ರಲ್ಲಿ ಸಿಬು ಥಾಮಸ್ ಮತ್ತು ಸಂಗಡಿಗರು ಸತ್ತ ಮಕಾಕ್ ಕೋತಿಯ ಮಿದುಳನ್ನು ಅತಿಸೂಕ್ಷ್ಮವಾಗಿ ಸ್ಕ್ಯಾನ್ ಮಾಡಿ, ಗುರುತುದ್ರವ್ಯ ಹಾಕಿ ತಿಳಿದ ನಿಜ ದಾರಿಗಳೊಂದಿಗೆ ಹೋಲಿಸಿದ್ದರು. ಹೆಚ್ಚು ತಂತು ಹಿಡಿಯುವ ವಿಧಾನ ಹೆಚ್ಚು ಸುಳ್ಳನ್ನೂ ಹಿಡಿಯಿತು; ಸುಳ್ಳು ತಗ್ಗಿಸಿದ ವಿಧಾನ ನಿಜವನ್ನೂ ಕಳೆದುಕೊಂಡಿತು. ಎರಡರಲ್ಲೂ ಗೆದ್ದ ವಿಧಾನ ಇರಲಿಲ್ಲ.

ಆದ್ದರಿಂದಲೇ ತಪ್ಪಿನ ಜಾತಿ ನೋಡಿ ವಿಧಾನ ಆರಿಸಿಕೊಳ್ಳಬೇಕು ಎನ್ನುವುದು. ಶಸ್ತ್ರವೈದ್ಯರಿಗೆ ಬಿಟ್ಟುಹೋದ ತಂತು ಅಪಾಯಕಾರಿ, ಹೆಚ್ಚಿಗೆ ಕಂಡ ತಂತು ಅಷ್ಟಾಗಿ ಅಲ್ಲ. ಅಪಸ್ಮಾರಕ್ಕೆ ಕಣತಲೆಯ ಒಳಭಾಗದ ಮಿದುಳಿನ ಮುಂತುದಿಯನ್ನು ತೆಗೆಯುವ ಶಸ್ತ್ರಚಿಕಿತ್ಸೆಯಿದೆ. ಕಣ್ಣಿನ ಸಂದೇಶ ಹೊತ್ತ ತಂತುಗಳು ಅಲ್ಲಿ ಮುಂದಕ್ಕೆ ಬಂದು ಚೂಪಾಗಿ ತಿರುಗಿ ಹಿಂದಕ್ಕೆ ಹೋಗುತ್ತವೆ, ಅದಕ್ಕೆ ಮೇಯರ್ ಲೂಪ್ ಎನ್ನುತ್ತಾರೆ. ಅದು ತುಂಡಾದರೆ ಎರಡು ಕಣ್ಣಿನಲ್ಲೂ ಎದುರು ಪಕ್ಕದ ಮೇಲಿನ ಕಾಲುಭಾಗ ಕಾಣುವುದಿಲ್ಲ. ಡಿಟಿಐ ಈ ತಿರುವಿನ ಮುಂತುದಿಯನ್ನು ಇರುವುದಕ್ಕಿಂತ ಹಿಂದೆ ತೋರಿಸುವುದುಂಟು. ಲಂಡನ್ನಿನ ಕ್ವೀನ್ ಸ್ಕ್ವೇರ್ ನರರೋಗ ಆಸ್ಪತ್ರೆಯಲ್ಲಿ ಸಾಧ್ಯತೆಗಳನ್ನು ಲೆಕ್ಕಹಾಕುವ ಟ್ರ್ಯಾಕ್ಟೋಗ್ರಫಿಯಿಂದ ಈ ತಂತುಗಳನ್ನು ಗುರುತಿಸಿ, ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಎಂಆರ್‌ಐ ತೆಗೆದು ನಕ್ಷೆಯನ್ನು ಸರಿಹೊಂದಿಸಿ, ರೋಗಿಗಳ ದೃಷ್ಟಿ ಉಳಿಸಿದ ವರದಿ 2014ರಲ್ಲಿ ಬಂತು. ನಡುವೆಯೇ ಎಂಆರ್‌ಐ ಯಾಕೆಂದರೆ ತಲೆಬುರುಡೆ ತೆರೆದ ಮೇಲೆ ಮಿದುಳು ಜರಗುತ್ತದೆ, ಕೆಲವೊಮ್ಮೆ ಒಂದು ಸೆಂಟಿಮೀಟರಿನಷ್ಟು. ಹಿಂದಿನ ದಿನದ ನಕ್ಷೆ ಆಗ ಕೆಲಸಕ್ಕೆ ಬಾರದು. ಫ್ರಾನ್ಸಿನ ಮೊಂಪೆಲಿಯೆಯ ಹ್ಯೂಗ್ ದುಫೊ ಅವರಂಥ ಶಸ್ತ್ರವೈದ್ಯರು ರೋಗಿಯನ್ನು ಎಚ್ಚರವಿಟ್ಟು, ಮಾತಾಡಿಸುತ್ತ, ಸಣ್ಣ ವಿದ್ಯುತ್ ತಾಕಿಸಿ ದಾರಿಯನ್ನು ಖಚಿತಪಡಿಸಿಕೊಳ್ಳುವುದಕ್ಕೆ ಇವೆಲ್ಲ ಕಾರಣ.

ಇಡೀ ಮಿದುಳಿನ ಜಾಲವನ್ನು ಅಭ್ಯಾಸ ಮಾಡುವವರಿಗೆ ಲೆಕ್ಕ ತಿರುಗುಮುರುಗು. ಇಲ್ಲದ ಒಂದು ಕೊಂಡಿ ಜಾಲದ ಗಣಿತವನ್ನೆಲ್ಲ ಕೆಡಿಸುತ್ತದೆ. ಅವರಿಗೆ ಬೇಕಾದ್ದು ಕಳೆ ಕೀಳುವ ಉಪಾಯ. ಅಮೆರಿಕದಲ್ಲಿದ್ದ ಫ್ರಾಂಕೊ ಪೆಸ್ಟಿಲ್ಲಿ 2014ರಲ್ಲಿ ಲೈಫ್ ಎಂಬ ಲೆಕ್ಕಪದ್ಧತಿ ಕೊಟ್ಟರು. ಬಿಡಿಸಿದ ಎಳೆಗಳಿಂದಲೇ ಮೂಲ ಸಂಕೇತವನ್ನು ಮರಳಿ ಊಹಿಸಿ, ಅದಕ್ಕೆ ನೆರವಾಗದ ಎಳೆಗಳನ್ನು ಕಿತ್ತುಹಾಕುವುದು ಅದರ ತಿರುಳು. ಲಕ್ಷಾಂತರ ಎಳೆಗಳಿಗೆ ಹೀಗೆ ಮಾಡಲು ಅತಿಯಾದ ಸಮಯ ಹಿಡಿಯುತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇವರಾಜನ್ ಶ್ರೀಧರನ್ ಮತ್ತು ಸಂಗಡಿಗರು, ಪೆಸ್ಟಿಲ್ಲಿಯವರನ್ನೂ ಸೇರಿಸಿಕೊಂಡು, 2022ರಲ್ಲಿ ಪ್ರಕಟಿಸಿದ ರಿಯಲ್-ಲೈಫ್ ಪದ್ಧತಿ ಗ್ರಾಫಿಕ್ಸ್ ಪ್ರೊಸೆಸರ್ ಬಳಸಿ ಅದನ್ನು ನೂರು ಪಟ್ಟಿಗೂ ಹೆಚ್ಚು ವೇಗಗೊಳಿಸಿತು. ಅವರು ಬಳಸಿದ್ದು ಅಮೆರಿಕದ ಹ್ಯೂಮನ್ ಕನೆಕ್ಟೋಮ್ ಯೋಜನೆಯ ಸ್ಕ್ಯಾನ್‌ಗಳನ್ನು: ಒಂದೂಕಾಲು ಮಿಲಿಮೀಟರ್ ವೋಕ್ಸೆಲ್, ಮೂರು ಬಲಗಳಲ್ಲಿ ತಲಾ 90 ದಿಕ್ಕು. ಜಿಲ್ಲಾ ಕೇಂದ್ರದ ಯಂತ್ರದಿಂದ ಅಂಥ ಗುಣಮಟ್ಟ ನಿರೀಕ್ಷಿಸುವಂತಿಲ್ಲ. ಕಳೆ ಕೀಳುವ ಲೆಕ್ಕಕ್ಕೂ ಮಿತಿಯಿದೆ. ಮೊದಲೇ ಬಿಟ್ಟುಹೋದ ತಂತುವನ್ನು ಅದು ತಂದುಕೊಡಲಾರದು.

ದೊಡ್ಡ ಜನಸಮೂಹದ ಅಧ್ಯಯನಗಳ ಅಗತ್ಯ ಮತ್ತೆ ಬೇರೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ 45 ದಾಟಿದ ಹಳ್ಳಿಗರ ಮಿದುಳಿನ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುತ್ತಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನ ಯೋಜನೆಯಂಥ ಕೆಲಸಗಳಲ್ಲಿ ಎಂಆರ್‌ಐ ಕೂಡ ಇದೆ. ಅಲ್ಲಿ ಒಂದೊಂದು ಎಳೆಯ ನಿಖರತೆಗಿಂತ, ಎಲ್ಲರಿಗೂ ಒಂದೇ ರೀತಿಯ ಸ್ಕ್ಯಾನ್, ಹತ್ತು ವರ್ಷದ ಮೇಲೂ ಅದೇ ಅಳತೆ ಮುಖ್ಯ. ವಿಧಾನ ನಡುವೆ ಬದಲಾಯಿಸಿದರೆ ವಯಸ್ಸಿನ ಬದಲಾವಣೆ ಯಾವುದು, ಯಂತ್ರದ ಬದಲಾವಣೆ ಯಾವುದು ಎಂದು ಬೇರ್ಪಡಿಸಲಾಗದು.

ಅಂತಿಮ ತೀರ್ಪು ಇನ್ನೂ ಸತ್ತವರ ಮಿದುಳಿನಿಂದಲೇ ಬರಬೇಕಾಗಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೋಸೆಫ್ ಕ್ಲಿಂಗ್ಲರ್ 1930ರ ದಶಕದಲ್ಲಿ ಫಾರ್ಮಲಿನ್‌ನಲ್ಲಿಟ್ಟ ಮಿದುಳನ್ನು ಹೆಪ್ಪುಗಟ್ಟಿಸಿ, ಹಿಮದ ಹರಳುಗಳು ತಂತುಗಳನ್ನು ಬಿಡಿಸಿದ ಮೇಲೆ ಕೈಯಿಂದಲೇ ಕಂತೆ ಬಿಡಿಸುತ್ತಿದ್ದರು. ಆ ಕೈಗೆಲಸ ಇಂದಿಗೂ ನರಶಸ್ತ್ರವೈದ್ಯರ ತರಬೇತಿಯಲ್ಲಿದೆ. ಜರ್ಮನಿಯ ಯೂಲಿಶ್‌ನಲ್ಲಿ ಮಿದುಳಿನ ತೆಳುಹೋಳುಗಳ ಮೂಲಕ ಧ್ರುವೀಕೃತ ಬೆಳಕು ಹಾಯಿಸಿ ಮೈಕ್ರಾನ್ ಮಟ್ಟದಲ್ಲಿ ತಂತುವಿನ ದಿಕ್ಕು ಓದುತ್ತಾರೆ. ಇಂಥ ಹೋಲಿಕೆಗೆ ದಾನದ ಮಿದುಳುಗಳೇ ಆಧಾರ. ಬೆಂಗಳೂರಿನ ನಿಮ್ಹಾನ್ಸ್‌ನ ಬ್ರೈನ್ ಬ್ಯಾಂಕ್ ಸಾರ್ವಜನಿಕರಿಂದ ಆ ದಾನವನ್ನು ಸ್ವೀಕರಿಸುತ್ತದೆ.

ನಿಮ್ಮ ಮನೆಯವರಿಗೆ ಇಂಥ ನಕ್ಷೆಯ ಜೊತೆ ಶಸ್ತ್ರಚಿಕಿತ್ಸೆಯ ಸಲಹೆ ಬಂದರೆ ಕೇಳಬಹುದಾದ ಪ್ರಶ್ನೆಗಳಿವೆ. ಎಷ್ಟು ದಿಕ್ಕಿನಲ್ಲಿ ಅಳೆದರು? ನಕ್ಷೆ ಟೆನ್ಸರ್‌ನದೋ, ಅಡ್ಡಹಾಯುವಿಕೆಯನ್ನು ಬಿಡಿಸುವ ವಿಧಾನದ್ದೋ? ಖಾಲಿ ತೋರಿಸಿದ ಜಾಗವನ್ನು ಶಸ್ತ್ರಚಿಕಿತ್ಸೆಯ ವೇಳೆ ವಿದ್ಯುತ್ತಿನಿಂದ ಪರೀಕ್ಷಿಸುತ್ತಾರೆಯೇ? ಅಚ್ಚಾದ ಫಿಲ್ಮ್ ಮಾತ್ರ ತೆಗೆದುಕೊಳ್ಳದೆ, ಸ್ಕ್ಯಾನಿನ ಮೂಲ ದತ್ತಾಂಶವನ್ನು ಸಿ.ಡಿ.ಯಲ್ಲೋ ಪೆನ್‌ಡ್ರೈವಿನಲ್ಲೋ ಕೇಳಿ ಇಟ್ಟುಕೊಳ್ಳಿ. ಮೂವತ್ತು ದಿಕ್ಕಿಗಿಂತ ಹೆಚ್ಚು ಅಳತೆಯಿದ್ದರೆ, ಡಿಟಿಐ ನಕ್ಷೆಗೆಂದು ತೆಗೆದ ಸ್ಕ್ಯಾನನ್ನೇ ಸಿಎಸ್‌ಡಿಯಿಂದಲೂ ಲೆಕ್ಕಹಾಕಿ ನೋಡಬಹುದು. ಕೋನಗಳ ಸ್ಪಷ್ಟತೆ ಸ್ವಲ್ಪ ಕಡಿಮೆಯಾದೀತು, ಆದರೆ ರೋಗಿಯನ್ನು ಮತ್ತೊಮ್ಮೆ ಯಂತ್ರದೊಳಗೆ ಮಲಗಿಸಬೇಕಿಲ್ಲ.